ಟ್ಯೂನಿಂಗ್ ಇಳಿಸಿದ ಬೇಸ್ ಗಿಟಾರ್‌ಗೆ ಯಾವ ದಪ್ಪದ ತಂತಿ?

ನಾಲ್ಕು ತಂತಿಯ, 34 ಇಂಚು ಸ್ಕೇಲ್‌ನ (ಮೀಟುವ ತಂತಿಯ ಉದ್ದ) ಬೇಸ್‌ಗೆ 45–105 ಸೆಟ್ ಸಾಕಾ, 50–110 ಬೇಕಾ, ಇಲ್ಲ 65–130 ಹಾಕಬೇಕಾ? (ಈ ಅಂಕಿಗಳು ಸೆಟ್‌ನ ಅತಿ ತೆಳು ಮತ್ತು ಅತಿ ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ.) ಮೊದಲು ಎಷ್ಟು ಇಳಿಸುತ್ತೀರಿ ಅಂತ ನೋಡಿ. ದಪ್ಪ ತಂತಿಯನ್ನು 'ಇ'ಯಿಂದ 'ಡಿ'ಗೆ ಇಳಿಸಿದರೆ ಅದರ ಬಿಗಿ ಸುಮಾರು ಶೇ. 20 ಕಡಿಮೆಯಾಗುತ್ತದೆ. 'ಬಿ'ಗೆ ಇಳಿಸಿದರೆ ಶೇ. 44 ಹೋಗುತ್ತದೆ. ಆಗ 105ರ ತಂತಿ ಸಡಿಲವಾಗಿ ಫ್ರೆಟ್‌ಗೆ ಬಡಿಯುತ್ತದೆ. ಜೋರಾಗಿ ಮೀಟಿದ ಕ್ಷಣ ಸ್ವರ ಮೇಲೇರಿ ಆಮೇಲೆ ಕೆಳಗಿಳಿಯುತ್ತದೆ.

ಹಾಗಾಗಿ ಡ್ರಾಪ್ ಡಿ (ದಪ್ಪ ತಂತಿಯೊಂದನ್ನೇ 'ಡಿ'ಗೆ ಇಳಿಸುವುದು) ಅಷ್ಟೇ ಆದರೆ, ಅದರಲ್ಲೂ ಆಗಾಗ ಮಾಮೂಲಿ ಟ್ಯೂನಿಂಗ್‌ಗೆ ಮರಳುವವರಾದರೆ, 45–105 ಸಾಕು. ಸುಮ್ನೆ ದಪ್ಪ ತಂತಿ ಹಾಕಿ ಬೆರಳು ನೋಯಿಸಿಕೊಳ್ಳಬೇಡಿ. ನಾಲ್ಕೂ ತಂತಿ ಒಂದೊಂದು ಪೂರ್ಣ ಸ್ವರ ('ಇ'ಯಿಂದ 'ಡಿ'ಯಷ್ಟು) ಇಳಿಸಿ ಅಲ್ಲೇ ಇರುವವರಿಗೆ 50–110 ಹಿತ. ಬಿಗಿ ಮೊದಲಿಗಿಂತ ಸ್ವಲ್ಪ ಮಾತ್ರ ಕಡಿಮೆ ಇರುತ್ತದೆ, ಬೇಸ್‌ನಲ್ಲಿ ದೊಡ್ಡ ಬದಲಾವಣೆಯೂ ಬೇಡ.

'ಬಿ'ವರೆಗೆ ಇಳಿಯುವವರಿಗೆ 65–130, ಅಂದರೆ ಐದು ತಂತಿಯ ಸೆಟ್‌ನ ಕೆಳಗಿನ ನಾಲ್ಕು. ಸೆಟ್‌ನ ಬೆಲೆ ಜಾಸ್ತಿ, 'ಜಿ' ತಂತಿ ಮಿಕ್ಕುತ್ತದೆ. ಕೆಲಸವೂ ಇದೆ. 105ಕ್ಕೆ ಕೊರೆದ ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಕಚ್ಚಿನಲ್ಲಿ 130 ಕೂರುವುದಿಲ್ಲ, ಅರದಿಂದ ಅಗಲ ಮಾಡಿಸಬೇಕು. ಅಗಲವಾದ ಕಚ್ಚು ಮತ್ತೆ ಕಿರಿದಾಗಲ್ಲ, ಮುಂದೆ ತೆಳು ತಂತಿ ಹಾಕಿದರೆ ಅಲುಗಾಡುತ್ತದೆ. ಇಂಟೊನೇಶನ್ (ಪ್ರತಿ ಫ್ರೆಟ್‌ನಲ್ಲೂ ಸ್ವರ ಸರಿಯಾಗಿ ಬರುವಂತೆ ತಂತಿಯ ಉದ್ದ) ಹೊಸದಾಗಿ ಹೊಂದಿಸಬೇಕು, ಟ್ರಸ್ ರಾಡ್ (ಕತ್ತಿನ ಬಾಗು ಹೊಂದಿಸುವ ಒಳಗಿನ ಸರಳು) ನೋಡಬೇಕು. ಇರುವುದು ಒಂದೇ ಬೇಸ್, ಎರಡೂ ಥರ ನುಡಿಸಬೇಕು ಅಂದರೆ ಈ ದಾರಿ ನಾನು ಹೇಳಲ್ಲ.