ಬಿಸಿ ಎಂಜಿನ್ ತೋರಿಸಿ ಡರ್ಟ್ ಬೈಕ್ ಮಾರುವವರ ಬಗ್ಗೆ ಎಚ್ಚರ

ಕೈಯಲ್ಲಿರುವ ಅಷ್ಟಿಷ್ಟು ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಡರ್ಟ್ ಬೈಕ್ ಹುಡುಕುತ್ತಿರುವವರು ದಯವಿಟ್ಟು ಮುಂಗಡ ಕೊಡುವ ಮೊದಲು ಇದನ್ನು ಓದಿ. ಹಳೆಯ 250 ಸಿಸಿ ಫೋರ್-ಸ್ಟ್ರೋಕ್ ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ರೇಸ್) ಬೈಕ್ ಅಗ್ಗಕ್ಕೆ ಬಂದಿದೆ ಎಂದರೆ ಅದಕ್ಕೊಂದು ಕಾರಣ ಇರುತ್ತದೆ. ಆ ಕಾರಣ ಬಹಳ ಸಲ ಸಿಲಿಂಡರ್ ಹೆಡ್ಡಿನೊಳಗೆ, ಅಂದರೆ ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗದಲ್ಲಿ, ಅಡಗಿರುತ್ತದೆ. ನನಗೆ ಮಾರಿದ ಮಹಾಶಯರಿಗೆ ಅದು ಚೆನ್ನಾಗಿಯೇ ಗೊತ್ತಿತ್ತು ಎಂಬುದಕ್ಕೆ ನನ್ನ ಬಳಿ ಈಗ ಸಾಕ್ಷಿಯೂ ಇದೆ.

ಆಗ ನನ್ನ ಬಜೆಟ್ಟಿಗೆ ಎರಡು ಬೈಕುಗಳು ಎಟುಕುತ್ತಿದ್ದವು: ಒಂದು 125 ಸಿಸಿ ಟೂ-ಸ್ಟ್ರೋಕ್, ಇನ್ನೊಂದು 250 ಸಿಸಿ ಫೋರ್-ಸ್ಟ್ರೋಕ್. ಸಿಸಿಯಲ್ಲಿ ಒಂದಕ್ಕೆರಡು ವ್ಯತ್ಯಾಸವಿದ್ದರೂ ಇವು ಒಂದೇ ಸಾಲಿನ ಬೈಕುಗಳು. ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ತಿರುಗಿದ ಪ್ರತಿ ಸುತ್ತಿಗೂ ಇಂಧನ ಉರಿಯುತ್ತದೆ, ಫೋರ್-ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೊಮ್ಮೆ. ಸ್ಪರ್ಧೆಗಳಲ್ಲೂ 125 ಟೂ-ಸ್ಟ್ರೋಕನ್ನು 250 ಫೋರ್-ಸ್ಟ್ರೋಕಿಗೆ, 250 ಟೂ-ಸ್ಟ್ರೋಕನ್ನು 450 ಫೋರ್-ಸ್ಟ್ರೋಕಿಗೆ ಜೋಡಿ ಮಾಡಿದ್ದು ಇದೇ ಲೆಕ್ಕದಲ್ಲಿ. ವಿಚಾರಿಸಿದವರೆಲ್ಲ ಫೋರ್-ಸ್ಟ್ರೋಕ್ ಕಡೆಗೇ ಬೆರಳು ತೋರಿಸಿದರು. ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆಯಿಲ್ಲ, ಹೊಗೆಯಿಲ್ಲ, ಕೆಳಗಿನ ವೇಗದಲ್ಲೂ ಎಳೆಯುತ್ತದೆ, ಇಳಿಜಾರಿನಲ್ಲಿ ಎಂಜಿನ್ನೇ ಬ್ರೇಕ್ ಹಿಡಿಯುತ್ತದೆ. ಎಲ್ಲವೂ ನಿಜ. ಮಾರುವವರು ಇದರ ಮೇಲೆ ತಮ್ಮದೂ ಒಂದು ಮಾತು ಸೇರಿಸಿದರು: "ಫೋರ್-ಸ್ಟ್ರೋಕಿಗೆ ಆಯುಷ್ಯ ಜಾಸ್ತಿ ಸರ್, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ."

ನಾನು ಹೋಗುವ ಹೊತ್ತಿಗೆ ಎಂಜಿನ್ ಬಿಸಿಯಾಗಿತ್ತು. "ನೀವು ಬರುತ್ತೀರೆಂದು ಈಗಷ್ಟೇ ಒಂದು ಸುತ್ತು ಹಾಕಿ ಬಂದೆ" ಎಂದರು. ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಕಿವಿಗೊಟ್ಟು ಕೇಳಿ ಎಂದು ನನ್ನನ್ನು ಎಂಜಿನ್ ಹತ್ತಿರಕ್ಕೇ ಕರೆದು, ಟ್ಯಾಪೆಟ್ ಸದ್ದು (ವಾಲ್ವಿನ ಕಡೆಯಿಂದ ಬರುವ ಟಕಟಕ) ಚೂರೂ ಇಲ್ಲ ನೋಡಿ ಎಂದು ಹೆಮ್ಮೆಯಿಂದ ಹೇಳಿದರು. ನಿಜಕ್ಕೂ ಇರಲಿಲ್ಲ. ಹೆಡ್ ಯಾವಾಗಲಾದರೂ ಬಿಚ್ಚಿದ್ದುಂಟೇ ಎಂದು ಕೇಳಿದೆ. ಇಲ್ಲವೇ ಇಲ್ಲ, ಕಂಪನಿಯಿಂದ ಬಂದ ಹಾಗೆಯೇ ಇದೆ ಎಂದರು.

ಕೆಲವು ವಾರ ಚೆನ್ನಾಗಿ ಓಡಿತು. ಆಮೇಲೆ ಬೆಳಗಿನ ಹೊತ್ತು ತಣ್ಣಗಿರುವಾಗ ಕಿಕ್ ಹೊಡೆದು ಹೊಡೆದು ಕಾಲು ಸೋಲತೊಡಗಿತು. ತಳ್ಳಿ ಗೇರ್ ಹಾಕಿದರೆ ಮಾತ್ರ ಸ್ಟಾರ್ಟ್. ಪ್ಲಗ್ ಬದಲಾಯಿಸಿದೆ, ಕಾರ್ಬ್ಯುರೇಟರ್ ತೊಳೆಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ರೇಸ್ ಬೈಕುಗಳ ಕೆಲಸ ಗೊತ್ತಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ವಾಲ್ವ್ ಕವರ್ ಬಿಚ್ಚಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ಹಿಡಿದರು. ಗಾಳಿ-ಪೆಟ್ರೋಲ್ ಒಳಬಿಡುವ ಇನ್‌ಟೇಕ್ ವಾಲ್ವ್ ಕಡೆ 0.10ರಿಂದ 0.15 ಮಿ.ಮೀ. ಸಂದು ಇರಬೇಕಾಗಿದ್ದ ಜಾಗದಲ್ಲಿ 0.05 ಮಿ.ಮೀ.ನ ಎಲೆಯೂ ಒಳಗೆ ಹೋಗಲಿಲ್ಲ. ವಾಲ್ವ್ ಒತ್ತಿ ತೆರೆಯುವ ಕ್ಯಾಮ್ ತೆಗೆದು, ಬಕೆಟ್ಟಿನ (ವಾಲ್ವಿನ ತುದಿಯ ಮೇಲೆ ಕೂರುವ ಬಟ್ಟಲು) ಕೆಳಗಿದ್ದ ಪುಟ್ಟ ಶಿಮ್ (ಸಂದು ಹೊಂದಿಸುವ ಲೋಹದ ಬಿಲ್ಲೆ) ಅನ್ನು ಅಯಸ್ಕಾಂತದಿಂದ ಎತ್ತಿ ನನ್ನ ಅಂಗೈ ಮೇಲಿಟ್ಟರು. ಶಿಮ್ಮಿನ ಮುಖದ ಮೇಲೆ ಅದರ ದಪ್ಪ ಸೂಚಿಸುವ ಅಂಕಿ ಇರಬೇಕು. ಇದರಲ್ಲಿ ಅಂಕಿ ಇರಲಿಲ್ಲ. ಅದರ ಬದಲು ಒಂದೇ ದಿಕ್ಕಿಗೆ ಎಳೆದ ಸಣ್ಣ ಗೀರುಗಳು ಮುಖದ ತುಂಬ ಇದ್ದವು. ಮೈಕ್ರೋಮೀಟರ್ ಹಿಡಿದಾಗ 1.20 ಮಿ.ಮೀ.ಗಿಂತಲೂ ಕಡಿಮೆ ಬಂತು. ಆ ಬೈಕಿಗೆ ಅಂಗಡಿಯಲ್ಲಿ ಸಿಗುವ ಅತಿ ತೆಳ್ಳನೆಯ ಶಿಮ್ಮೇ 1.20 ಮಿ.ಮೀ. ಅಂದರೆ ಯಾರೋ ಅದನ್ನೂ ಎಮರಿ ಕಾಗದದ ಮೇಲೆ ಉಜ್ಜಿ ಇನ್ನಷ್ಟು ತೆಳ್ಳಗೆ ಮಾಡಿ ಕೂರಿಸಿದ್ದರು. "ಕಂಪನಿಯಿಂದ ಬಂದ ಹಾಗೆಯೇ ಇದೆ" ಎಂಬ ಎಂಜಿನ್ ಇದು!

ಏನಾಗಿತ್ತೆಂದರೆ, ಈ ರೇಸ್ ಎಂಜಿನ್‌ಗಳು 13,000 ಆರ್‌ಪಿಎಂ ಆಸುಪಾಸು ತಿರುಗಬೇಕು. ಅಷ್ಟು ವೇಗಕ್ಕೆ ವಾಲ್ವ್ ಹಗುರವಾಗಿರಬೇಕೆಂದು ಹಲವು ಮಾದರಿಗಳಲ್ಲಿ ಟೈಟಾನಿಯಂ ಬಳಸುತ್ತಾರೆ. ಅದರ ಮೈಮೇಲೆ ಗಟ್ಟಿಯಾದ, ಆದರೆ ಬಹಳ ತೆಳುವಾದ ಲೇಪನ ಇರುತ್ತದೆ. ಏರ್ ಫಿಲ್ಟರ್ ಸರಿಯಾಗಿ ನೋಡಿಕೊಳ್ಳದಿದ್ದರೆ ಒಳನುಗ್ಗುವ ನುಣ್ಣನೆಯ ಧೂಳು ಈ ಲೇಪನವನ್ನು ತಿಂದುಹಾಕುತ್ತದೆ. ಅದು ಹೋದ ಮೇಲೆ ವಾಲ್ವಿನ ಅಂಚು ಬೇಗ ಸವೆದು, ವಾಲ್ವ್ ತಾನು ಕೂರುವ ಸೀಟಿನೊಳಕ್ಕೆ ಮೇಲೆ ಸರಿಯುತ್ತಾ ಹೋಗುತ್ತದೆ. ಸವೆದರೆ ಸಂದು ಹೆಚ್ಚಬೇಕಲ್ಲ ಎಂದು ಅನಿಸುವುದು ಸಹಜ. ಇಲ್ಲಿ ಉಲ್ಟಾ: ವಾಲ್ವ್ ಮೇಲೆ ಸರಿದಷ್ಟೂ ಕ್ಯಾಮಿಗೂ ಅದಕ್ಕೂ ನಡುವಿನ ಸಂದು ಮುಚ್ಚಿಕೊಳ್ಳುತ್ತದೆ. ಪೂರ್ತಿ ಮುಚ್ಚಿದಾಗ ವಾಲ್ವ್ ಸೀಟಿನ ಮೇಲೆ ಸರಿಯಾಗಿ ಕೂರುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ನನಗೆ ಕಿವಿಗೊಟ್ಟು ಕೇಳಿ ಎಂದರಲ್ಲ, ಆ ನಿಶ್ಶಬ್ದವೇ ರೋಗದ ಲಕ್ಷಣವಾಗಿತ್ತು. ತೆಳ್ಳನೆಯ ಶಿಮ್ ಹಾಕಿದರೆ ಸಂದು ಮತ್ತೆ ಸಿಗುತ್ತದೆ, ಬೈಕ್ ಕೆಲವು ಗಂಟೆಗಳ ಮಟ್ಟಿಗೆ ಹೊಸದರಂತೆ ಸ್ಟಾರ್ಟ್ ಆಗುತ್ತದೆ. ಮಾರಿ ಕೈತೊಳೆದುಕೊಳ್ಳಲು ಅಷ್ಟು ಸಮಯ ಧಾರಾಳವಾಗಿ ಸಾಕು.

ಹೊಸ ಇನ್‌ಟೇಕ್ ವಾಲ್ವ್‌ಗಳು, ಸ್ಪ್ರಿಂಗ್, ಸೀಟ್ ಕಟಿಂಗ್, ಹೇಗಿದ್ದರೂ ಬಿಚ್ಚಿದ್ದಾಗಿದೆ ಎಂದು ಪಿಸ್ಟನ್, ಟೈಮಿಂಗ್ ಚೈನ್, ಗ್ಯಾಸ್ಕೆಟ್‌ಗಳು, ಮೇಲೆ ಕೂಲಿ. ಒಟ್ಟು ಬಿಲ್ಲು ಬೈಕ್ ಕೊಂಡ ಬೆಲೆಯ ಅರ್ಧವನ್ನೂ ದಾಟಿತು. ಮೆಕ್ಯಾನಿಕ್ ಪ್ರಕಾರ ಇದು ಅಗ್ಗದಲ್ಲೇ ಮುಗಿದ ಕಥೆ. ಓಡುತ್ತಿರುವಾಗ ವಾಲ್ವಿನ ತಲೆ ಮುರಿದು ಪಿಸ್ಟನ್ ಮೇಲೆ ಬಿದ್ದಿದ್ದರೆ ಹೆಡ್, ಸಿಲಿಂಡರ್, ಪಿಸ್ಟನ್ ಎಲ್ಲವೂ ಒಟ್ಟಿಗೇ ಗುಜರಿಗೆ. ಮಾರಿದವರಿಗೆ ಫೋನ್ ಮಾಡಿದರೆ "ನಾನು ಕೊಡುವಾಗ ಸರಿ ಇತ್ತಲ್ಲ" ಎಂದು ಇಟ್ಟುಬಿಟ್ಟರು. ಆಮೇಲೆ ಎತ್ತಲೇ ಇಲ್ಲ.

ನಾನು ಬಿಟ್ಟ ಆ 125 ಟೂ-ಸ್ಟ್ರೋಕನ್ನು ಪರಿಚಯದ ಹುಡುಗನೊಬ್ಬ ಕೊಂಡಿದ್ದ. ಅದರ ಪಿಸ್ಟನ್ನೂ ಸವೆದೇ ಇತ್ತು. ಅದರಲ್ಲಿ ಫೋರ್-ಸ್ಟ್ರೋಕಿನಂಥ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಪಿಸ್ಟನ್, ರಿಂಗ್, ಸಣ್ಣದೊಂದು ಬೇರಿಂಗ್, ಗ್ಯಾಸ್ಕೆಟ್ ತಂದು ಮಧ್ಯಾಹ್ನ ಶುರುಮಾಡಿದವನು ಸಂಜೆಯೊಳಗೆ ತಾನೇ ಕೂರಿಸಿದ. ಖರ್ಚು ನನ್ನದರ ಹತ್ತಿರಕ್ಕೂ ಬರಲಿಲ್ಲ.

ಹಾಗೆಂದು ಟೂ-ಸ್ಟ್ರೋಕ್ ಸಾಧು ಪ್ರಾಣಿಯೇನಲ್ಲ. 40:1 ಎಂದರೆ ಲೀಟರ್ ಪೆಟ್ರೋಲಿಗೆ 25 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್. ಒಮ್ಮೆ ಮರೆತು ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್. 125ರಲ್ಲಿ ಶಕ್ತಿಯೆಲ್ಲ ಮೇಲಿನ ಆರ್‌ಪಿಎಂನಲ್ಲೇ ಇರುವುದರಿಂದ ಹೊಸಬರು ಕ್ಲಚ್ ಮತ್ತು ಗೇರಿನ ಜೊತೆ ಗುದ್ದಾಡಬೇಕಾಗುತ್ತದೆ. ಹೋಂಡಾ ತನ್ನ ಸಿಆರ್ ಟೂ-ಸ್ಟ್ರೋಕ್ ಮೋಟೋಕ್ರಾಸ್ ಬೈಕುಗಳನ್ನು 2007ರ ಮಾದರಿಗೇ ನಿಲ್ಲಿಸಿದೆ. ಯಮಹಾ ವೈಝೆಡ್ 125 ಮತ್ತು ವೈಝೆಡ್ 250 ಅದರ ನಂತರವೂ ಮುಂದುವರಿದವು. ಹಳೆಯದನ್ನು ಕೊಳ್ಳುವಾಗ ಬಿಡಿಭಾಗಗಳ ಲೆಕ್ಕದಲ್ಲಿ ಇದು ಸಣ್ಣ ವಿಷಯವಲ್ಲ.

ಇನ್ನು "ಫೋರ್-ಸ್ಟ್ರೋಕಿಗೆ ಆಯುಷ್ಯ ಜಾಸ್ತಿ" ಎಂಬ ಮಾತು ಪೂರ್ತಿ ಸುಳ್ಳಲ್ಲ, ಅದನ್ನು ತಪ್ಪು ಬೈಕಿಗೆ ಅಂಟಿಸಿ ಮಾರುತ್ತಾರೆ ಅಷ್ಟೇ. ಹೋಂಡಾ ಸಿಆರ್‌ಎಫ್ 230ಎಫ್, ಯಮಹಾ ಟಿಟಿ-ಆರ್ ತರಹದ ಗಾಳಿಯಿಂದ ತಣಿಯುವ ಟ್ರೇಲ್ ಬೈಕುಗಳಿಗೆ ಅದು ಅಕ್ಷರಶಃ ನಿಜ. ತೂಕ ಹೆಚ್ಚು, ಸಸ್ಪೆನ್ಷನ್ ಮೆದು, ದೊಡ್ಡ ಜಂಪಿಗೆ ಆಗಿಬರುವುದಿಲ್ಲ. ಆದರೆ ಎಂಜಿನ್ ಆಯಿಲ್ ಬದಲಿಸುತ್ತಾ, ಫಿಲ್ಟರ್ ತೊಳೆಯುತ್ತಾ ಇದ್ದರೆ ವರ್ಷಗಟ್ಟಲೆ ತಕರಾರಿಲ್ಲದೆ ಓಡುತ್ತವೆ. ಸ್ಪಾನರ್ ಹಿಡಿಯಲು ಮನಸ್ಸಿಲ್ಲದವರಿಗೆ ಇಂಥದ್ದು. ಹಿಡಿಯುವ ಉತ್ಸಾಹವಿದ್ದವರಿಗೆ ಟೂ-ಸ್ಟ್ರೋಕ್. ಲೆಕ್ಕಪತ್ರವಿಲ್ಲದ ಹಳೆಯ ರೇಸ್ ಫೋರ್-ಸ್ಟ್ರೋಕ್ ಮಾತ್ರ ಬಜೆಟ್ ಬಿಗಿ ಇರುವವರಿಗಲ್ಲ, ದುಡ್ಡು ಇರುವವರಿಗೆ.

ನೋಡಲು ಹೋಗುವ ಮೊದಲೇ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲಿ ಹೇಳಿ. ಹೋದ ತಕ್ಷಣ ಎಂಜಿನ್ ಹತ್ತಿರ ಅಂಗೈ ತನ್ನಿ. ಬಿಸಿಯಿದ್ದರೆ ಅಲ್ಲೇ ಕುಳಿತು ತಣ್ಣಗಾಗುವವರೆಗೆ ಕಾಯಿರಿ, ಅಥವಾ ಇನ್ನೊಂದು ದಿನ ಬರುತ್ತೇನೆ ಎನ್ನಿ. ಕಿಕ್ ನೀವೇ ಹೊಡೆಯಿರಿ. ಏರ್ ಫಿಲ್ಟರ್ ತೆಗೆಸಿ, ಅದರ ಹಿಂದಿನ ರಬ್ಬರ್ ಕೊಳವೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಧೂಳು ಅಂಟಿಕೊಂಡರೆ ಅದೇ ಧೂಳು ಎಂಜಿನ್ನಿಗೂ ಹೋಗಿದೆ. ಫೋರ್-ಸ್ಟ್ರೋಕ್ ಆದರೆ ದುಡ್ಡು ಕೊಡುವ ಮುಂಚೆ ಮೆಕ್ಯಾನಿಕ್ ಒಬ್ಬರಿಂದ ವಾಲ್ವ್ ಸಂದು ಅಳೆಸಿ, ಜೊತೆಗೆ ಒಳಗಿರುವ ಶಿಮ್‌ಗಳ ಅಂಕಿ ಎಷ್ಟೆಂದೂ ನೋಡಿಸಿ. ಸಂದು ಸರಿಯಿದ್ದರೂ ಶಿಮ್ ತೀರಾ ತೆಳ್ಳಗಿದ್ದರೆ ವಾಲ್ವಿನ ಕಾಲ ಮುಗಿಯುತ್ತಾ ಬಂದಿದೆ. ಟೂ-ಸ್ಟ್ರೋಕ್ ಆದರೆ ಎಕ್ಸಾಸ್ಟ್ ಪೈಪ್ ಬಿಚ್ಚಿಸಿ, ಟಾರ್ಚ್ ಬಿಟ್ಟು ಕಿಂಡಿಯೊಳಗೆ ಇಣುಕಿ. ಪಿಸ್ಟನ್ನಿನ ಮೈ ಮೇಲೆ ಉದ್ದುದ್ದ ಗೀರುಗಳಿದ್ದರೆ ಅಲ್ಲೇ ಕಾಣುತ್ತವೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದು, ಗೇರ್ ಆಯಿಲ್ ಮಟ್ಟವೂ ಇಳಿಯುತ್ತಿದ್ದರೆ ಕ್ರ್ಯಾಂಕ್ ಸೀಲ್ ಹೋಗಿರುವ ಅನುಮಾನ ಬಲವಾಗುತ್ತದೆ. ಓಡಿದ ಗಂಟೆ ತೋರಿಸುವ ಮೀಟರನ್ನು ನಂಬಬೇಡಿ. ಅದು ಪ್ಲಗ್ಗಿನ ವೈರಿಗೆ ಸುತ್ತಿ ಕೂರಿಸುವ ಸಣ್ಣ ಡಬ್ಬಿ, ಹೊಸದು ತಂದು ಸೊನ್ನೆಯಿಂದ ಶುರುಮಾಡಲು ಐದು ನಿಮಿಷವೂ ಬೇಡ.