ಪೋಲೋಗೆ 35 ಎಂಎಂ ಲೋವರಿಂಗ್ ಸ್ಪ್ರಿಂಗ್: ಪುಣೆಯ ರಸ್ತೆಯಲ್ಲಿ ಮೂರು ವರ್ಷ, 41,000 ಕಿಮೀ

ಕಾರು 2016ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, ಪೆಟ್ರೋಲ್ ಗಾಡಿ, ಎಂಎಚ್-12 (ಪುಣೆ) ಪಾಸಿಂಗ್. ಹಾಕಿದ್ದು ಕಾರನ್ನು ನೆಲಕ್ಕೆ ಹತ್ತಿರ ಇಳಿಸುವ, ಹೊರದೇಶದಿಂದ ತರಿಸಿದ ನಾಲ್ಕು ಗಿಡ್ಡ, ಬಿಗಿ ಸ್ಪ್ರಿಂಗ್‌ಗಳ ಸೆಟ್. ಡಬ್ಬಿಯ ಮೇಲೆ 35 ಎಂಎಂ ಇಳಿಕೆ ಎಂದಿತ್ತು, ಬೆಲೆ 23,000 ರೂಪಾಯಿ. ಹಾಕಿದ ಜಾಗ ಸೊಸೈಟಿಯ ಸ್ಟಿಲ್ಟ್ ಪಾರ್ಕಿಂಗ್, ಇಬ್ಬರು ಆಳು, ಒಂದು ಪೂರ್ತಿ ಭಾನುವಾರ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇಲ್ಲಿರುವ ಬಹುಪಾಲು ವಿಷಯ ಯಾವ ಕಂಪನಿಯ 35 ಎಂಎಂ ಸೆಟ್‌ಗೂ ಅನ್ವಯಿಸುತ್ತದೆ.

ತೀರ್ಪು ಮೊದಲೇ ಹೇಳಿಬಿಡೋಣ: ಈ ಊರಿಗೆ 35 ಹೆಚ್ಚಾಯಿತು, 25 ಸಾಕಿತ್ತು. ಒಬ್ಬರೇ ಓಡಿಸುವಾಗ ಇದು ಗೊತ್ತಾಗುವುದಿಲ್ಲ. ಹಿಂದೆ ಮೂರು ಜನ ಕೂತು, ಡಿಕ್ಕಿಯಲ್ಲಿ ಊರಿಗೆ ಒಯ್ಯುವ ಸಾಮಾನು ತುಂಬಿ, ಕಾರು ಸೊಸೈಟಿಯ ಗೇಟು ದಾಟುವಾಗ ಗೊತ್ತಾಗುತ್ತದೆ.

ಕೊಳ್ಳುವ ಮುನ್ನ ಸೆಟ್‌ನ ಕಾಗದದಲ್ಲಿ ಆಕ್ಸಲ್ ಲೋಡ್ (ಮುಂದಿನ, ಹಿಂದಿನ ಚಕ್ರಗಳ ಮೇಲೆ ಬೀಳಬಹುದಾದ ಭಾರ) ಎಷ್ಟೆಂದು ನೋಡಿ. ಪೋಲೋದ ಡೀಸೆಲ್ ಎಂಜಿನ್ ಪೆಟ್ರೋಲಿಗಿಂತ ಭಾರ, ಹಾಗಾಗಿ ಮುಂದಿನ ಸ್ಪ್ರಿಂಗ್ ಬೇರೆ. ಪೆಟ್ರೋಲ್ ಗಾಡಿಯ ಸೆಟ್ ಡೀಸೆಲ್ಲಿಗೆ ಹಾಕಿದರೆ ಮೂತಿ ಹೇಳಿದ್ದಕ್ಕಿಂತ ಹೆಚ್ಚು ಕುಸಿಯುತ್ತದೆ, ಹಿಂಭಾಗ ಎದ್ದು ನಿಲ್ಲುತ್ತದೆ. ಅಂಗಡಿಯವರು "ಪೋಲೋಗೆ ಎಲ್ಲಕ್ಕೂ ಒಂದೇ ಬರುತ್ತದೆ" ಅಂದರೆ ಅಲ್ಲಿಂದ ಎದ್ದು ಬನ್ನಿ. ಸ್ಪ್ರಿಂಗ್ ಜೊತೆಗೇ ಸ್ಟ್ರಟ್‌ಗೆ (ಮುಂದಿನ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬ) ಹೊಸ ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪರ್ (ಕಾರು ಪೂರ್ತಿ ಕುಸಿದಾಗ ಬಡಿತ ತಡೆಯುವ ರಬ್ಬರ್), ಡಸ್ಟ್ ಕವರ್ ಮತ್ತು ಒಮ್ಮೆ ಬಿಚ್ಚಿದರೆ ಬದಲಿಸಬೇಕಾದ ಬೋಲ್ಟು-ನಟ್ಟುಗಳನ್ನು ತಂದಿಟ್ಟುಕೊಳ್ಳಿ. ಪುಣೆಯ ನಾನಾ ಪೇಠೆಯಲ್ಲೋ ಮುಂಬೈಯ ಕುರ್ಲಾದಲ್ಲೋ ಹುಡುಕುವುದಾದರೆ ಪಾರ್ಟ್ ನಂಬರ್ ಬರೆದುಕೊಂಡು ಹೋಗಿ. ಹಳೆಯ ಬೇರಿಂಗ್ ಮೇಲೆ ಹೊಸ ಸ್ಪ್ರಿಂಗ್ ಕೂರಿಸಿದರೆ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಟೊಂಯ್ ಎಂಬ ಸದ್ದು ಬರುವ ಸಾಧ್ಯತೆ ಇದೆ, ಆಗ ಇಡೀ ಕೆಲಸ ಮತ್ತೊಮ್ಮೆ.

ಎತ್ತರ ಅಳೆಯುವುದು ನೆಲದಿಂದಲ್ಲ, ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿಗೆ. ನೆಲದಿಂದ ಅಳೆದರೆ ಟೈರಿನ ಗಾಳಿ, ನೆಲದ ಇಳಿಜಾರು ಎರಡೂ ಲೆಕ್ಕ ಕೆಡಿಸುತ್ತವೆ. ಈ ಕಾರಿನಲ್ಲಿ ಹಾಕಿದ ದಿನ ಮುಂದೆ 31, ಹಿಂದೆ 27 ಎಂಎಂ ಇಳಿದಿತ್ತು; ಸಾವಿರ ಕಿಮೀ ಹೊತ್ತಿಗೆ 36 ಮತ್ತು 32. ಅಲ್ಲಿಂದಾಚೆ ಮೂರು ವರ್ಷದಲ್ಲಿ ಕದಲಿಲ್ಲ, ಆ ಮಟ್ಟಿಗೆ ಸ್ಪ್ರಿಂಗಿನ ಉಕ್ಕಿಗೆ ಪೂರ್ತಿ ಅಂಕ.

ಹಿಂದಿನಿಂದ ಶುರುಮಾಡಿ, ಅದು ಸುಲಭ. ಪೋಲೋದ ಹಿಂಬದಿಯಲ್ಲಿ ಟಾರ್ಷನ್ ಬೀಮ್, ಅಂದರೆ ಎರಡೂ ಹಿಂದಿನ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ. ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಾಗಾಗಿ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಬೇಕಿಲ್ಲ. ಮುಂದಿನ ಚಕ್ರಕ್ಕೆ ಎರಡೂ ಬದಿ ಕಲ್ಲು ಕೊಟ್ಟು, ಬಾಡಿಯನ್ನು ಆಕ್ಸಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬೀಮಿನ ಕೆಳಗೆ ಟ್ರಾಲಿ ಜಾಕ್ ಕೊಟ್ಟು, ಎರಡೂ ಶಾಕ್‌ಗಳ ಕೆಳಗಿನ ಬೋಲ್ಟ್ ತೆಗೆದು ಜಾಕ್ ನಿಧಾನವಾಗಿ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಇಳಿಸುವಾಗ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಬಿಗಿಯಾಗುತ್ತಿವೆಯೇ ಎಂದು ಇನ್ನೊಬ್ಬರು ನೋಡುತ್ತಿರಬೇಕು. ರಬ್ಬರ್ ಸೀಟ್ ತೊಳೆದು, ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಿಲಿಗೆ ತಾಗುವಂತೆ ತಿರುಗಿಸಿ ಕೂರಿಸಿ. ಆ ತುದಿ ಒಂದು ಬೆರಳು ಆಚೀಚೆ ಇದ್ದರೂ ಎರಡು ಬದಿಯ ಎತ್ತರ ಬೇರೆಯಾಗಬಹುದು.

ಸ್ಟಿಲ್ಟ್ ಪಾರ್ಕಿಂಗಿನ ನೆಲ ಪೇವರ್ ಬ್ಲಾಕ್ ಆಗಿದ್ದರೆ ಸ್ಟ್ಯಾಂಡಿನ ಕಾಲು ಕಲ್ಲುಗಳ ಸಂದಿಗೆ ಇಳಿಯುತ್ತದೆ, ವಾಲುತ್ತದೆ. ಪ್ರತಿ ಸ್ಟ್ಯಾಂಡಿನ ಕೆಳಗೂ 18 ಎಂಎಂ ಪ್ಲೈವುಡ್ ತುಂಡು ಇಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಹಾಕುವವರಿಗೆ ಈ ಬರಹದಿಂದ ಉಪಯೋಗವಿಲ್ಲ.

ಮುಂಭಾಗದಲ್ಲಿ ಅರ್ಧ ದಿನ ಹೋಗುತ್ತದೆ. ಪೋಲೋದ ಸ್ಟ್ರಟ್ ಎರಡು ಬೋಲ್ಟಿನಲ್ಲಿ ನಕಲ್‌ಗೆ (ಚಕ್ರವನ್ನು ಹೊರುವ ಲೋಹದ ಭಾಗ) ಕಚ್ಚಿಕೊಂಡಿರುವುದಲ್ಲ, ನಕಲ್‌ನ ತೂತಿನೊಳಗೆ ಇಳಿದು ಒಂದು ಪಿಂಚ್ ಬೋಲ್ಟಿನಲ್ಲಿ ಬಿಗಿದಿರುತ್ತದೆ. ಬೋಲ್ಟ್ ತೆಗೆದ ಮೇಲೂ ಅದು ಅಲುಗುವುದಿಲ್ಲ. ನಕಲ್‌ನ ಸೀಳಿಗೆ ಸ್ಪ್ರೆಡರ್ ಬಿಟ್ ಹಾಕಿ ತಿರುಗಿಸಿ ಬಾಯಿ ಅಗಲಿಸಬೇಕು. ಅದು ಸಣ್ಣ ಸಾಮಾನು, ತರಿಸಿಟ್ಟುಕೊಳ್ಳಿ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಅಗಲಿಸುವವರಿದ್ದಾರೆ. ನಕಲ್ ಬಿರುಕು ಬಿಟ್ಟರೆ ಅದರ ಬೆಲೆಯ ಮುಂದೆ ಬಿಟ್‌ನ ಬೆಲೆ ಏನೂ ಅಲ್ಲ. ಹಿಂದಿನ ದಿನ ರಾತ್ರಿಯೇ ತುಕ್ಕುಬಿಡಿಸುವ ಎಣ್ಣೆ ಹೊಡೆದಿಡಿ. ಲಿಂಕ್ ರಾಡನ್ನು ಎರಡೂ ಬದಿ ಬಿಚ್ಚಿ. ಒಂದೇ ಬದಿ ಬಿಚ್ಚಿದರೆ, ಅದು ಸೇರುವ ಆಂಟಿ ರೋಲ್ ಬಾರ್ (ಬಾಡಿ ವಾಲುವುದನ್ನು ತಡೆಯಲು ಎಡಬಲ ಜೋಡಿಸುವ ಸರಳು) ಎದುರು ಕುಸ್ತಿಯಾಡಬೇಕಾಗುತ್ತದೆ. ಸ್ಟ್ರಟ್ ಹೊರಬಂದ ಮೇಲೆ ನಕಲ್ ತನ್ನ ಭಾರಕ್ಕೆ ಹೊರಗೆ ವಾಲಿ ಡ್ರೈವ್ ಶಾಫ್ಟಿನ ಒಳ ಜಾಯಿಂಟನ್ನು ಎಳೆಯುತ್ತದೆ. ಒಂದು ಹಗ್ಗದಿಂದ ಕಟ್ಟಿ ನಿಲ್ಲಿಸಿ.

ಅಪಾಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಹಳೆಯ ಸ್ಪ್ರಿಂಗ್ ಸ್ಟ್ರಟ್ ಮೇಲೆ ಒತ್ತಿ ಕೂತಿರುತ್ತದೆ. ಕಂಪ್ರೆಸರ್‌ನ ಎರಡು ಕೊಕ್ಕೆಗಳನ್ನು ಎದುರುಬದುರು ಹಾಕಿ, ಒಂದನ್ನು ಎರಡು ಸುತ್ತು, ಇನ್ನೊಂದನ್ನು ಎರಡು ಸುತ್ತು, ಹೀಗೆ ಸರದಿಯಲ್ಲಿ ಕೈ ಪಾನಾದಿಂದಲೇ ಬಿಗಿಯಿರಿ. ಇಂಪ್ಯಾಕ್ಟ್ ಗನ್ ಹಚ್ಚಿದರೆ ಕಂಪ್ರೆಸರಿನ ತಿರುಪಿನ ಥ್ರೆಡ್ ಸವೆದು ಜಾರುತ್ತದೆ. ಸ್ಪ್ರಿಂಗ್ ಸೀಟಿನಲ್ಲಿ ಸಡಿಲವಾಗಿ ಅಲುಗುವವರೆಗೆ ಮೇಲಿನ ನಟ್ ಮುಟ್ಟಬೇಡಿ, ಸ್ಟ್ರಟ್‌ನ ಮೂತಿಯ ನೇರಕ್ಕೆ ಮುಖ ತರಬೇಡಿ. ನಟ್ ತಿರುಗಿಸುವಾಗ ರಾಡ್ ಜೊತೆಗೇ ತಿರುಗದಂತೆ ನಡುವೆ ಅಲೆನ್ ಕೀ ಹಾಕಿ ಹಿಡಿಯಬೇಕು. ಈ ಒಂದು ಹೆಜ್ಜೆಗೆ ಧೈರ್ಯ ಸಾಲದಿದ್ದರೆ ಸ್ಟ್ರಟ್ ಬಿಚ್ಚಿ ಗ್ಯಾರೇಜಿಗೆ ಒಯ್ದು ಸ್ಪ್ರಿಂಗ್ ಬದಲಿಸಿಕೊಂಡು ಬನ್ನಿ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಹೊಸ ಸ್ಪ್ರಿಂಗ್ ಗಿಡ್ಡ, ಕೂರಿಸುವಾಗ ಅಷ್ಟು ಒತ್ತುವುದೂ ಬೇಕಾಗುವುದಿಲ್ಲ.

ಬಂಪ್ ಸ್ಟಾಪರನ್ನು ಎಷ್ಟು ಕತ್ತರಿಸಬೇಕೆಂದು ಸೆಟ್‌ನ ಕಾಗದ ಹೇಳುತ್ತದೆ, ಅಷ್ಟೇ ಕತ್ತರಿಸಿ. ಕತ್ತರಿಸದೆ ಹಾಕಿದರೆ ಸಣ್ಣ ತಗ್ಗಿಗೂ ಕಾರು ರಬ್ಬರಿನ ಮೇಲೆ ಕೂರುತ್ತದೆ. "ಲೋವರ್ ಮಾಡಿಸಿದೆ, ಕಲ್ಲಿನ ಹಾಗಾಯಿತು" ಎನ್ನುವವರ ಪೈಕಿ ಅರ್ಧ ಮಂದಿಯ ಕಥೆ ಇದೇ ಇರಬೇಕು, ಬೈಗುಳ ಮಾತ್ರ ಸ್ಪ್ರಿಂಗಿಗೆ. ಪೂರ್ತಿ ತೆಗೆದುಬಿಟ್ಟರೆ ಶಾಕ್‌ನೊಳಗೆ ಲೋಹಕ್ಕೆ ಲೋಹ ಬಡಿಯುತ್ತದೆ.

ಇನ್ನೊಂದು, ಒಳ್ಳೆ ಮೆಕ್ಯಾನಿಕ್‌ಗಳೂ ಆತುರದಲ್ಲಿ ಬಿಟ್ಟುಬಿಡುವುದು: ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಚಕ್ರ ನೇತಾಡುವಾಗ ಕೊನೆಯ ಬಿಗಿ ಕೊಡಬಾರದು. ಹಾಗೆ ಬಿಗಿದರೆ ಕಾರು ನೆಲಕ್ಕೆ ಬಂದಾಗ ಬುಷ್ ತಿರುಚಿಕೊಂಡೇ ಉಳಿಯುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಹಿಂದಿನ ಶಾಕ್‌ನ ಕೆಳ ಬೋಲ್ಟ್, ಬಿಚ್ಚಿದ್ದರೆ ಲೋವರ್ ಆರ್ಮ್ ಬೋಲ್ಟ್, ಇವುಗಳಿಗೆ ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಟಾರ್ಕ್ ರೆಂಚ್ ಹಚ್ಚಬೇಕು. ಚಕ್ರದ ಬೋಲ್ಟ್ 120 ನ್ಯೂಟನ್ ಮೀಟರ್. ಐವತ್ತು ಕಿಮೀ ಓಡಿಸಿ ಮತ್ತೊಮ್ಮೆ ನೋಡಿ.

ಅಲೈನ್‌ಮೆಂಟ್ ಎರಡು ಸಲ ಬೇಕು: ಹಾಕಿದ ಮರುದಿನ ಒಂದು, ಸ್ಪ್ರಿಂಗ್ ಕೂತ ಮೇಲೆ ಸಾವಿರ ಕಿಮೀ ಸುಮಾರಿಗೆ ಇನ್ನೊಂದು. ಕಾರು ಇಳಿದಾಗ ಮುಂದಿನ ಚಕ್ರ ಮೇಲ್ಗಡೆ ಒಳಕ್ಕೆ ವಾಲುತ್ತದೆ (ಈ ವಾಲಿಕೆಯೇ ಕ್ಯಾಂಬರ್), ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೂಡ ಬದಲಾಗುತ್ತದೆ. ಅಂಗಡಿಯವರು "ಕ್ಯಾಂಬರ್ ಸೆಟ್ ಹೋತ ನಾಹಿ" (ಸೆಟ್ ಆಗುವುದಿಲ್ಲ) ಅನ್ನುತ್ತಾರೆ, ಅದು ನಿಜ. ಪೋಲೋದಲ್ಲಿ ಸಬ್‌ಫ್ರೇಮ್ (ಲೋವರ್ ಆರ್ಮ್‌ಗಳು ಕೂರುವ ಮುಂದಿನ ಚೌಕಟ್ಟು) ಜರುಗಿಸಿ ಎಡಬಲ ಸಮ ಮಾಡಬಹುದು, ಅಷ್ಟೇ. ಆದರೆ ಟೈರಿನ ಒಳ ಅಂಚನ್ನು ಬೇಗ ತಿನ್ನುವುದು ಹೆಚ್ಚಾಗಿ ಟೋ, ಅದನ್ನು ಸರಿಮಾಡಿಸಿದರೆ ಟೈರು ಉಳಿಯುತ್ತದೆ. ಈ ಕಾರಿನ 185/60 ಆರ್15 ಟೈರುಗಳನ್ನು 8,000 ಕಿಮೀಗೊಮ್ಮೆ ಹಿಂದೆ ಮುಂದೆ ಬದಲಿಸುತ್ತಾ 38,000 ಓಡಿಸಲಾಯಿತು. ಒಳ ಅಂಚು ಹೊರ ಅಂಚಿಗಿಂತ ಸುಮಾರು ಒಂದು ಎಂಎಂ ಮಾತ್ರ ಹೆಚ್ಚು ಸವೆದಿತ್ತು.

ಈಗ ಹಂಪ್‌ಗಳ ಲೆಕ್ಕ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 100 ಎಂಎಂ ಎತ್ತರ, 17 ಮೀಟರ್ ತ್ರಿಜ್ಯದ ಗುಂಡು ಬೆನ್ನು. ಪೋಲೋದ ಮುಂದಿನ ಚಕ್ರದಿಂದ ಹಿಂದಿನದಕ್ಕೆ ಸುಮಾರು ಎರಡೂವರೆ ಮೀಟರ್. ಅಂದರೆ ನಾಲ್ಕೂ ಚಕ್ರ ಹಂಪಿನ ಮೇಲೇ ಇರುವಾಗ ಹೊಟ್ಟೆಯ ಕೆಳಗೆ ಏರುವ ಗುಬ್ಬು ಬರೀ 45 ಎಂಎಂ. ಮೂಲ ಕ್ಲಿಯರೆನ್ಸ್ ಸುಮಾರು 165, ಅದರಲ್ಲಿ 35 ಹೋಗಿ 130, ಇನ್ನೂ 85 ಎಂಎಂ ಜಾಗ ಉಳಿಯಿತು. ಇಂಥ ಹಂಪನ್ನು ತುಂಬಿದ ಕಾರೂ ದಾಟುತ್ತದೆ. ಆದರೆ ಸೊಸೈಟಿಯವರು ಸಿಮೆಂಟ್ ಸುರಿದು ಕಟ್ಟಿಸುವ ದಿಬ್ಬ ಒಂದಡಿ ಅಗಲ, ಎತ್ತರ 120ರ ಆಸುಪಾಸು. ಚಕ್ರ ಅತ್ತ ಇಳಿದಿರುತ್ತದೆ, ದಿಬ್ಬ ಪೂರ್ತಿಯಾಗಿ ಹೊಟ್ಟೆಯ ಕೆಳಗೆ. 130ರಲ್ಲಿ 120 ಹೋದರೆ ಉಳಿದದ್ದು ಒಂದು ಬೆರಳು. ನಾಲ್ಕು ಜನ ಕೂತರೆ ಕಾರು ಇನ್ನೂ 25-30 ಎಂಎಂ ಇಳಿಯುತ್ತದೆ, ಕೆಳಗಿನ ಪ್ಲಾಸ್ಟಿಕ್ ಕವಚ ಕೆರೆಯುತ್ತದೆ. ಓರೆಯಾಗಿ ದಾಟಿದರೆ ಕೆಲವು ತಪ್ಪುತ್ತವೆ, ಎಲ್ಲವೂ ಅಲ್ಲ. ಬೋಲ್ಟ್ ಹೊಡೆದು ಕೂರಿಸುವ ಹಳದಿ-ಕಪ್ಪು ರಬ್ಬರ್ ಹಂಪ್‌ಗಳು ಕುಳ್ಳ, ಅವುಗಳಿಂದ ತೊಂದರೆ ಇಲ್ಲ. ಬೇಸ್‌ಮೆಂಟ್ ರ‍್ಯಾಂಪ್ ಮುಗಿಯುವ ಅಂಚಿನಲ್ಲೂ ಇದೇ ಲೆಕ್ಕ. ಸ್ಪ್ರಿಂಗ್ ತರಿಸುವ ಮುನ್ನ ನಿಮ್ಮ ಕಟ್ಟಡದ ರ‍್ಯಾಂಪನ್ನೊಮ್ಮೆ ಕೂತು ನೋಡಿ.

ಓಡಾಟದಲ್ಲಿ ಲಾಭ ಎಲ್ಲಿದೆ? ಎಕ್ಸ್‌ಪ್ರೆಸ್‌ವೇಯಲ್ಲಿ 100ರ ವೇಗದಲ್ಲಿ ಲೇನ್ ಬದಲಿಸಿದಾಗ ಕಾರು ತಟ್ಟನೆ ನೆಲೆಗೆ ಬರುತ್ತದೆ, ಬ್ರೇಕ್ ಹಾಕಿದರೆ ಮೂತಿ ಕಡಿಮೆ ಮುಳುಗುತ್ತದೆ. ಕಾಂಕ್ರೀಟಿನ ಜೋಡಣೆಗಳ ಟಪ್ ಟಪ್ ಮಾತ್ರ ಮೊದಲಿಗಿಂತ ಜೋರು. ತಿರುವಿನಲ್ಲಿ ಬಾಡಿ ವಾಲುವುದು ನಿರೀಕ್ಷಿಸಿದಷ್ಟು ಕಡಿಮೆಯಾಗಿಲ್ಲ. ಕಾರು ಇಳಿದಾಗ ಲೋವರ್ ಆರ್ಮ್‌ಗಳ ಕೋನ ಬದಲಾಗಿ, ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ಕಾರಿನ ಭಾರಕೇಂದ್ರಕ್ಕಿಂತ ಹೆಚ್ಚು ಕೆಳಗೆ ಹೋಗುತ್ತದೆ. ಸ್ಪ್ರಿಂಗಿನ ಬಿಗಿತ ಕೊಟ್ಟದ್ದರಲ್ಲಿ ಸ್ವಲ್ಪವನ್ನು ಅದು ಕಿತ್ತುಕೊಳ್ಳುತ್ತದೆ. ಇನ್ನೂ ಇಳಿಸಿದರೆ ಇನ್ನೂ ಚೆನ್ನಾಗಿ ತಿರುಗುತ್ತದೆ ಎಂಬ ನಂಬಿಕೆ ಸುಳ್ಳಾಗುವುದು ಇಲ್ಲೇ.

ಬೆಳಗಾವಿ, ಹುಬ್ಬಳ್ಳಿ ಕಡೆ ಹೋಗಿಬರುವವರಿಗೆ ಸಾತಾರಾ-ಕಾಗಲ್ ನಡುವಿನ ಆರು ಪಥದ ಕಾಮಗಾರಿಯ ಡೈವರ್ಷನ್‌ಗಳು ನೆನಪಿರಬೇಕು. ಹಳೆ ಡಾಂಬರಿನಿಂದ ಹೊಸದಕ್ಕೆ ಏರುವ ಅಂಚುಗಳಲ್ಲಿ ತುಂಬಿದ ಕಾರಿನ ಹಿಂಭಾಗ ಬಂಪ್ ಸ್ಟಾಪರಿಗೆ ಬಡಿದೇ ಬಡಿಯುತ್ತದೆ. ಟೈರಿಗೆ ತುಂಬಿದ ಲೋಡಿನ ಗಾಳಿ ಹಾಕುವುದು, ಭಾರದ ಚೀಲವನ್ನು ಡಿಕ್ಕಿಯ ಬದಲು ಸೀಟಿನ ಕಾಲಿನ ಜಾಗದಲ್ಲಿ ಇಡುವುದು, ಇಷ್ಟೇ ಉಪಾಯ.

ಕಾರಿನ ಜೊತೆ ಬಂದ ಮೂಲ ಶಾಕ್‌ಗಳನ್ನೇ ಉಳಿಸಿಕೊಂಡಿದ್ದು ದುಬಾರಿಯಾಯಿತು. ಬಿಗಿ ಸ್ಪ್ರಿಂಗ್ ಚಿಮ್ಮುವುದನ್ನು ತಡೆಯಲು ಅವುಗಳಿಗೆ ಶಕ್ತಿ ಸಾಲದು, ಒಳಗಿನ ಪಿಸ್ಟನ್ ಯಾವಾಗಲೂ ಕೆಳಭಾಗದಲ್ಲೇ ಆಡುತ್ತಿರುತ್ತದೆ. 22,000 ಕಿಮೀ ಹೊತ್ತಿಗೆ ಹಂಪ್ ದಾಟಿದ ಮೇಲೆ ಎರಡು ಸಲ ಕುಣಿಯತೊಡಗಿತು, 26,000ಕ್ಕೆ ಮುಂದಿನ ಎಡಗಡೆ ಎಣ್ಣೆ ಸೋರಿತು. ಅದು ಶಾಕ್‌ನ ತಪ್ಪಲ್ಲ, ಬೇರೆ ಸ್ಪ್ರಿಂಗಿಗೆಂದು ಮಾಡಿದ್ದನ್ನು ಇದಕ್ಕೆ ದುಡಿಸಿದ್ದು. ಲೋವರಿಂಗ್ ಸ್ಪ್ರಿಂಗಿಗೆಂದೇ ಬರುವ ಗಿಡ್ಡ ಶಾಕ್‌ಗಳನ್ನು ನಾಲ್ಕೂ ಕಡೆ ಹಾಕಿದ ಮೇಲೆ ಕಾರು ಬೇರೆಯೇ ಆಯಿತು. ಅವುಗಳ ಬೆಲೆ ಸ್ಪ್ರಿಂಗ್‌ಗಿಂತ ಹೆಚ್ಚು, ಸ್ಟ್ರಟ್ ಬಿಚ್ಚುವ ಕೂಲಿ ಎರಡನೇ ಸಲ. ಬಜೆಟ್ ಹಾಕುವಾಗ ಎರಡನ್ನೂ ಸೇರಿಸಿ ಹಾಕಿ, ಇಲ್ಲವೇ ದುಡ್ಡು ಕೂಡುವವರೆಗೆ ಕಾಯಿರಿ.

ಮುಂಬೈ, ಗೋವಾದವರಿಗೆ ಒಂದು ಮಾತು: ಸ್ಪ್ರಿಂಗಿನ ಕೆಳಸುತ್ತಿಗೆ ಕಲ್ಲು ಸಿಡಿದು ಬಣ್ಣ ಎದ್ದಲ್ಲಿ ಉಪ್ಪು ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ, ಸ್ಪ್ರಿಂಗ್ ಮುರಿಯುವುದು ಸಾಮಾನ್ಯವಾಗಿ ಅಲ್ಲೇ. ಕೊಂಕಣದ ಕೆಂಪು ಮಣ್ಣು ಸೀಟಿನಲ್ಲಿ ಕೂತು ಮರಳುಕಾಗದದ ಕೆಲಸ ಮಾಡುತ್ತದೆ. ಮಳೆಗಾಲ ಮುಗಿದ ಮೇಲೆ ಪೈಪು ಹಿಡಿದು ತೊಳೆದು, ಬಣ್ಣ ಹೋದಲ್ಲಿ ಹಚ್ಚಿಬಿಡಿ.

ಹೊಸ ಸೆಟ್ ಬದಲು ಹಳೆ ಸ್ಪ್ರಿಂಗನ್ನೇ ಕತ್ತರಿಸಿ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಕತ್ತರಿಸಿದ ತುದಿ ಸೀಟಿನಲ್ಲಿ ಕೂರುವುದಿಲ್ಲ, ಗ್ಯಾಸ್ ಬೆಂಕಿ ತಾಗಿದಲ್ಲಿ ಉಕ್ಕಿನ ಹದ ಹೋಗುತ್ತದೆ, ಚಕ್ರ ಪೂರ್ತಿ ಇಳಿದಾಗ ಸ್ಪ್ರಿಂಗ್ ಜಾಗ ಬಿಟ್ಟು ಕದಲುತ್ತದೆ. ಬೇಡ.

ಕಾನೂನಿನ ಕಡೆ ಕಣ್ಣು ಮುಚ್ಚಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ನಿರ್ದಿಷ್ಟತೆಗೆ ವಿರುದ್ಧವಾದ ಬದಲಾವಣೆಗೆ ಒಪ್ಪುವುದಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಅಪಘಾತದ ನಂತರ ವಿಮೆಯ ಸರ್ವೇಯರ್ ಸ್ಪ್ರಿಂಗಿನ ಬಣ್ಣ ನೋಡಿ ಪ್ರಶ್ನೆ ಎತ್ತಿದರೆ ಉತ್ತರ ಕೊಡುವುದು ಕಷ್ಟ.

ಮೂಲ ಸ್ಪ್ರಿಂಗ್‌ಗಳನ್ನು ಗುಜರಿಗೆ ಹಾಕಬೇಡಿ. ಎಡ, ಬಲ, ಮುಂದೆ, ಹಿಂದೆ ಎಂದು ಚೀಟಿ ಅಂಟಿಸಿ, ಕತ್ತರಿಸದ ಒಂದು ಜೊತೆ ಬಂಪ್ ಸ್ಟಾಪರ್ ಸೇರಿಸಿ ಗೋಣಿಚೀಲದಲ್ಲಿ ಕಟ್ಟಿಡಿ. ಕಾರು ಮಾರುವಾಗ ಲೋವರಿಂಗ್ ಸ್ಪ್ರಿಂಗಿಗೆ ಯಾರೂ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ, ಕೆಲವರು ಅದನ್ನೇ ನೆಪ ಮಾಡಿ ಇಳಿಸಿ ಕೇಳುತ್ತಾರೆ. ವಾಪಸ್ ಹಾಕಲು ಎರಡನೇ ಸಲ ಕೈ ಪಳಗಿರುವುದರಿಂದ ಐದು ತಾಸು ಸಾಕು, ಮೇಲೆ ಒಂದು ಅಲೈನ್‌ಮೆಂಟ್.