ಪಿಕಪ್ಪಿಗೆ ಪ್ಲೇಟ್ ಜಾಸ್ತಿ ಹಾಕಿಸಿದ ಮೇಲೆ: ಕುಲುಕಾಟ ಇಳಿಸಲು ನಾನು ಮಾಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಪ್ಲೇಟ್ ಸೆಟ್ (ಒಂದರ ಮೇಲೊಂದು ಜೋಡಿಸಿದ, ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಗಟ್ಟಿಯಾಗಿ ಗಾಡಿ ಗುದ್ದುತ್ತಿದ್ದರೆ ಶಾಕ್ ಅಬ್ಸಾರ್ಬರ್ ಅಂಗಡಿಗೆ ಹೋಗಬೇಡಿ. ಪ್ಲೇಟ್ ಕೆಲಸ ಗೊತ್ತಿರುವವರ ಹತ್ತಿರ ಹೋಗಿ ಪ್ಲೇಟ್ ಕಡಿಮೆ ಮಾಡಿಸಿ. ನಾನು ಬೇರೆ ಎಲ್ಲವನ್ನೂ ಮಾಡಿ, ಕೊನೆಗೆ ಇದನ್ನು ಮಾಡಿದೆ. ಮೊದಲೇ ಮಾಡಿದ್ದರೆ ಐದೂವರೆ ಸಾವಿರ ರೂಪಾಯಿ ಉಳಿಯುತ್ತಿತ್ತು. ಅಮ್ಮನ ಸೊಂಟನೋವು ಇಷ್ಟು ಜಾಸ್ತಿ ಆಗುತ್ತಿರಲಿಲ್ಲ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಒಳಗೆ. ಚೆರ್ಕಳ–ಕಲ್ಲಡ್ಕ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಗುಡ್ಡೆ ದಾರಿ. ಅರ್ಧ ಕಾಂಕ್ರೀಟ್, ಆಮೇಲೆ ಮುರಕಲ್ಲು ಎದ್ದು ನಿಂತ ಮಣ್ಣಿನ ಏರು. ಅಡಕೆ ಗೋಣಿ ತುಂಬಿ ಇಳಿಯುವಾಗ ಗಾಡಿಯ ಹಿಂಭಾಗ ಪೂರ್ತಿ ಕೂತು, ಹೌಸಿಂಗ್ (ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ ಕವಚ) ಹೋಗಿ ಚಾಸಿ ಅಡಿಯ ರಬ್ಬರ್ ಸ್ಟಾಪರ್‌ಗೆ ಬಡಿಯುತ್ತಿತ್ತು. ಆ ಸದ್ದು ಕೇಳಿದರೆ ಹೊಟ್ಟೆಯೊಳಗೆ ಏನೋ ಮುರಿದ ಹಾಗೆ ಆಗುತ್ತದೆ. ಹಾಗಾಗಿ ಕಳೆದ ಕೊಯ್ಲಿನ ಹೊತ್ತಿಗೆ ಒಂದು ವರ್ಕ್‌ಶಾಪ್‌ನಲ್ಲಿ ಎರಡೂ ಬದಿಗೆ ಎರಡೆರಡು ಪ್ಲೇಟ್ ಜಾಸ್ತಿ ಹಾಕಿಸಿದೆ. ಗಾಡಿ ಎರಡು ಇಂಚು ಮೇಲೆ ಬಂತು. ಲೋಡ್ ಹಾಕಿದರೆ ಎಷ್ಟು ಚೆಂದ ಹೋಗುತ್ತದೆ ಅಂದರೆ, ಮೊದಲ ವಾರ ಸಿಕ್ಕಿದವರಿಗೆಲ್ಲ ಹೇಳಿದ್ದೆ.

ಆದರೆ ನನಗೆ ಲೋಡ್ ಇರುವುದು ವಾರಕ್ಕೆ ಒಂದು ದಿನ, ಕೊಯ್ಲಿನಲ್ಲಿ ಎರಡು ದಿನ. ಉಳಿದ ದಿನ ಎರಡು ಗೋಣಿ ಹಿಂಡಿ, ಒಂದಷ್ಟು ಬಾಳೆಗೊನೆ, ಅಮ್ಮನನ್ನು ಬದಿಯಡ್ಕಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು, ಇಷ್ಟೇ. ಖಾಲಿ ಗಾಡಿ ಒಂದು ಸಣ್ಣ ಹಂಪ್ ಹತ್ತಿದರೂ ಹಿಂಭಾಗ ಎತ್ತಿ ಒಗೆಯುತ್ತಿತ್ತು. ನೇಂದ್ರ ಗೊನೆ ಅಂಗಡಿ ಮುಟ್ಟುವಾಗ ಬಾಡಿಯ ತಗಡಿಗೆ ತಾಗಿದ ಬದಿಯ ಕಾಯಿಗಳೆಲ್ಲ ಕಪ್ಪಾಗಿರುತ್ತಿದ್ದವು. ಅಮ್ಮ ಒಂದು ದಿನ ಇಳಿಯುವಾಗ ಬಾಗಿಲು ಹಿಡಿದು ನಿಂತು, "ಒನಕೆ ಕೆಳಗೆ ಕೂತ ಹಾಗೆ ಆಯಿತು ಮಗಾ. ಇನ್ನು ನಾನು ಬಸ್ಸಿನಲ್ಲೇ ಹೋಗ್ತೇನೆ" ಅಂದರು. ಅವರು ಹಾಗೆಲ್ಲ ದೂರು ಹೇಳುವವರಲ್ಲ. ಅವತ್ತಿನಿಂದ ಶುರು ಮಾಡಿದೆ.

ಯಾಕೆ ಇಷ್ಟು ಗಟ್ಟಿ ಆಯಿತು ಅಂತ ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯ. ಕಂಪನಿಯಿಂದ ಬಂದದ್ದು ಐದು ಪ್ಲೇಟ್, ಒಂದೊಂದು 8 ಮಿ.ಮೀ. ದಪ್ಪ. ಹಾಕಿಸಿದ ಎರಡು ಪ್ಲೇಟ್ 10 ಮಿ.ಮೀ. ಬರೀ ಎರಡು ಮಿಲಿಮೀಟರ್ ಅಲ್ವಾ ಅಂತ ಕಾಣುತ್ತದೆ. ಆದರೆ ಪ್ಲೇಟಿನ ಗಟ್ಟಿತನ ದಪ್ಪದ ಘನಕ್ಕೆ ತಕ್ಕ ಹಾಗೆ ಏರುತ್ತದೆ. ಉದ್ದ, ಅಗಲ ಒಂದೇ ಆದರೆ 10ರ ಒಂದು ಪ್ಲೇಟ್ 8ರ ಎರಡು ಪ್ಲೇಟಿಗೆ ಹತ್ತಿರ ಹತ್ತಿರ ಸಮ. ಅಂದರೆ ನಾನು ಐದು ಪ್ಲೇಟಿನ ಸೆಟ್ಟನ್ನು ಏಳು ಮಾಡಿದೆ ಅಂದುಕೊಂಡಿದ್ದೆ, ನಿಜವಾಗಿ ಅದು ಒಂಬತ್ತು ಆಗಿತ್ತು. ಇನ್ನೊಂದು ಮಾತು. ಪ್ಲೇಟ್ ಜಾಸ್ತಿ ಮಾಡಿದರೆ ಆರ್‌ಸಿಯಲ್ಲಿ ಬರೆದ ತೂಕ ಜಾಸ್ತಿ ಆಗುವುದಿಲ್ಲ. ಬ್ರೇಕೂ ಟಯರೂ ಹಳೆಯವೇ.

ಮೊದಲು ಮಾಡಿದ್ದು ಗಾಳಿ ಇಳಿಸಿದ್ದು, ಅದಕ್ಕೆ ಖರ್ಚಿಲ್ಲ. ನನ್ನ ಗಾಡಿಯ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಖಾಲಿಗೆ ಬೇರೆ, ಲೋಡಿಗೆ ಬೇರೆ ಅಂಕೆ ಇದೆ. ನಾನು ವರ್ಷವಿಡೀ ಲೋಡಿನ ಗಾಳಿಯಲ್ಲೇ ಓಡಿಸುತ್ತಿದ್ದೆ. ಖಾಲಿಯ ಅಂಕೆಗೆ ಇಳಿಸಿದ ದಿನವೇ ಸಣ್ಣ ಜಲ್ಲಿಯ ಮೇಲಿನ ನಡುಕ ಕಡಿಮೆ ಆಯಿತು. ಹಂಪಿನ ಗುದ್ದು ಮಾತ್ರ ಹಾಗೇ ಇತ್ತು. ತೊಂದರೆ ಏನೆಂದರೆ ಲೋಡಿನ ದಿನ ಬೆಳಿಗ್ಗೆ ಮತ್ತೆ ತುಂಬಿಸಬೇಕು. ನಮ್ಮ ಕಡೆ ಪಂಪ್ ಇರುವುದು ಪೇಟೆಯಲ್ಲಿ, ಲೋಡ್ ಹಾಕುವುದು ಮನೆಯಲ್ಲಿ. ಕಡಿಮೆ ಗಾಳಿಯಲ್ಲಿ ಗೋಣಿ ಹೇರಿ ಗುಡ್ಡೆ ಇಳಿದರೆ ಟಯರ್ ಬದಿ ಮಡಚಿ ಬಿಸಿಯಾಗುತ್ತದೆ. ಹಾಗಾಗಿ ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಪಂಪ್ ಒಂದು ತಂದಿಟ್ಟುಕೊಂಡೆ. ಅದು ಈಗಲೂ ಉಪಯೋಗಕ್ಕೆ ಬರುತ್ತದೆ.

ಬಾಡಿಯಲ್ಲಿ ಮೂರು ಗೋಣಿ ಮರಳು ಇಟ್ಟು ಓಡಿಸಿದ್ದೂ ಉಂಟು. ಕುಲುಕಾಟ ಇಳಿಯಿತು, ಡೀಸೆಲ್ ಏರಿತು. ಒಂದು ವಾರಕ್ಕೆ ತೆಗೆದೆ.

ಆಮೇಲೆ ಗ್ಯಾಸ್ ಶಾಕ್, ಅಂದರೆ ಒಳಗೆ ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್. ಜೋಡಿಗೆ 5,400 ಕೊಟ್ಟೆ. ಖಾಲಿ ಗಾಡಿಗೆ ಮೊದಲಿಗಿಂತ ಹಾಳಾಯಿತು. ಶಾಕ್ ಭಾರ ಹೊರುವುದಿಲ್ಲ, ಸ್ಪ್ರಿಂಗ್ ಕುಣಿಯುವುದನ್ನು ನಿಲ್ಲಿಸುವುದು ಅದರ ಕೆಲಸ. ನನ್ನ ಗಾಡಿ ಕುಣಿಯುತ್ತಲೇ ಇರಲಿಲ್ಲ, ಗುದ್ದುತ್ತಿತ್ತು. ಈ ವ್ಯತ್ಯಾಸ ಗೊತ್ತಾಗಲು ಒಂದು ಸುಲಭ ದಾರಿ ಇದೆ. ಬಾಡಿಯ ಹಿಂದಿನ ಮೂಲೆಯ ಮೇಲೆ ಇಬ್ಬರು ಭಾರ ಹಾಕಿ ಒತ್ತಿ ಬಿಡಿ. ಇಳಿದು, ಎದ್ದು, ಮತ್ತೆ ಮತ್ತೆ ಕುಣಿದರೆ ಶಾಕ್ ಹೋಗಿದೆ. ಇಳಿಯುವುದೇ ಇಲ್ಲ ಅಂದರೆ ಪ್ಲೇಟ್ ಗಟ್ಟಿ. ನನ್ನದು ಒಂದು ಕೂದಲೂ ಇಳಿಯುತ್ತಿರಲಿಲ್ಲ. ಇನ್ನೊಂದು, ಗಾಡಿ ಎರಡು ಇಂಚು ಎತ್ತರವಾದ ಮೇಲೆ ಹಳೇ ಅಳತೆಯ ಶಾಕ್ ಸಾಕಾಗುವುದಿಲ್ಲ. ಹಂಪ್ ದಾಟಿ ಚಕ್ರ ಕೆಳಗೆ ಬಿದ್ದಾಗ ಶಾಕ್ ಪೂರ್ತಿ ಎಳೆದುಕೊಂಡು ಟಕ್ ಅನ್ನುತ್ತದೆ. ಅದನ್ನು ನಾನು ಬಾಡಿಯ ಬೋಲ್ಟ್ ಸಡಿಲ ಅಂತ ಎರಡು ದಿನ ಹುಡುಕಿದ್ದೆ. ಅರ್ಧ ಲೋಡ್ ಇದ್ದರೆ ಮಾತ್ರ ಗ್ಯಾಸ್ ಶಾಕ್ ಒಳ್ಳೆಯದು, ತಿರುವಿನಲ್ಲಿ ಗಾಡಿ ಓಲಾಡುವುದಿಲ್ಲ.

ವಿಟ್ಲದ ಭಾವ ಪ್ಲೇಟ್ ಜಾಸ್ತಿ ಮಾಡದೆ, ಹೌಸಿಂಗ್ ಮತ್ತು ಚಾಸಿ ನಡುವೆ ಗಾಳಿ ಚೀಲ ಹಾಕಿಸಿದ್ದಾರೆ. ಲೋಡ್ ಇದ್ದರೆ ಗಾಳಿ ತುಂಬಿಸುವುದು, ಖಾಲಿಯಾದರೆ ಇಳಿಸುವುದು. ಅವರ ಗಾಡಿಯನ್ನು ನಾಲ್ಕು ದಿನ ನಮ್ಮ ದಾರಿಯಲ್ಲೇ ಓಡಿಸಿದೆ. ಕೂರಲು ಅದಕ್ಕಿಂತ ಸುಖ ಇಲ್ಲ. ಆದರೆ ಖಾಲಿ ಇದ್ದಾಗಲೂ ಸ್ವಲ್ಪ ಗಾಳಿ ಇರಲೇಬೇಕು, ಇಲ್ಲದಿದ್ದರೆ ಚೀಲ ಮಡಚಿ ಉಜ್ಜಿ ಹೋಗುತ್ತದೆ. ಭಾವ ಪ್ರತಿ ಭಾನುವಾರ ನೋಡುತ್ತಾರೆ. ನನಗೆ ಆ ಶಿಸ್ತು ಇಲ್ಲ. ಮುರಕಲ್ಲಿನ ಚೂರು ಸಿಡಿಯುವ ದಾರಿಯಲ್ಲಿ ರಬ್ಬರ್ ಚೀಲ ಅಂದರೆ ಧೈರ್ಯವೂ ಬರಲಿಲ್ಲ. ಬೆಲೆಯೂ ನನ್ನ ಕೈಗೆ ಮೀರಿದ್ದು.

ಕೊನೆಗೆ ಕುಂಬಳೆ ಬದಿಯಲ್ಲಿ ಬರೀ ಪ್ಲೇಟ್ ಕೆಲಸ ಮಾಡುವವರ ಹತ್ತಿರ ಹೋದೆ. ಹಾಕಿಸಿದ್ದ ಎರಡು ಪ್ಲೇಟನ್ನೂ ತೆಗೆದರು. ಒಂದನ್ನು ಹಾಗೇ ನನ್ನ ಕೈಗೆ ಕೊಟ್ಟರು. ಇನ್ನೊಂದರ ಎರಡೂ ತುದಿ ಕತ್ತರಿಸಿ ಗಿಡ್ಡ ಮಾಡಿ, ಪ್ರೆಸ್‌ನಲ್ಲಿ ಒತ್ತಿ ಬಾಗು ತೆಗೆದು ನೇರ ಮಾಡಿದರು. ಬೆಂಕಿಗೆ ಹಿಡಿಯಲಿಲ್ಲ. ಕಾಯಿಸಿದರೆ ಪ್ಲೇಟಿನ ಹದ ಹೋಗಿ ಅಲ್ಲೇ ಕೂರುತ್ತದೆ ಅಂದರು. ಆ ನೇರ ಪ್ಲೇಟನ್ನು ಎಲ್ಲಕ್ಕಿಂತ ಕೆಳಗೆ ಕೂರಿಸಿದರು. ಖಾಲಿ ಇದ್ದಾಗ ಅದರ ತುದಿಗೂ ಮೇಲಿನ ಪ್ಲೇಟಿಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ. ಗೋಣಿ ಹೇರಿದಾಗ ಮೇಲಿನ ಐದು ಪ್ಲೇಟ್ ಬಗ್ಗಿ ಬಂದು ಇದರ ಮೇಲೆ ಕೂರುತ್ತವೆ, ಆಗ ಮಾತ್ರ ಇದು ಭಾರ ಹೊರುತ್ತದೆ. ಪ್ಲೇಟ್ ತುದಿಗಳ ನಡುವೆ ನೈಲಾನ್ ತುಂಡು ಇಟ್ಟರು, ಕಬ್ಬಿಣಕ್ಕೆ ಕಬ್ಬಿಣ ಉಜ್ಜದ ಹಾಗೆ. ಪ್ಲೇಟಿನ ತುದಿಗೆ ಹಾಕುವ ಹೊಸ ರಬ್ಬರ್ ಬುಷ್ ಸೇರಿ ಒಟ್ಟು 2,400 ಆಯಿತು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ದೊಡ್ಡ ಗುದ್ದು ಹೋಯಿತು, ನಿಜ. ಆದರೆ ಸಣ್ಣ ಗುಂಡಿಗೆ ಗಾಡಿ ಇನ್ನೂ ಮರಗಟ್ಟಿದ ಹಾಗೆ. ಜೊತೆಗೆ ಕಿರ್ರ್ ಅಂತ ಒಂದು ಸದ್ದು. ಮೂರು ವಾರ ತಲೆ ಕೆಡಿಸಿಕೊಂಡೆ. ಪ್ಲೇಟಿನ ಸಂದಿಗೆ ಗ್ರೀಸ್ ಹಾಕಿದೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಊರು ನಮ್ಮದು, ಸಂದಿಯಲ್ಲಿ ತುಕ್ಕು ಹಿಡಿದರೆ ಪ್ಲೇಟ್ ಜಾರುವುದಿಲ್ಲ ಅನ್ನುವುದು ಸರಿಯೇ. ಆದರೆ ಗ್ರೀಸಿಗೆ ಕೆಂಪು ಮಣ್ಣು ಅಂಟಿ ಅರೆದ ಚಟ್ನಿಯ ಹಾಗಾಯಿತು, ಸದ್ದು ಹಾಗೇ ಉಳಿಯಿತು. ಪ್ಲೇಟ್ ಸೆಟ್ಟನ್ನು ಹೌಸಿಂಗಿಗೆ ಕಟ್ಟಿ ಹಿಡಿಯುವ ಯು ಬೋಲ್ಟ್ ಬಿಗಿ ಮಾಡಿಸಿದೆ. ಅದನ್ನು ಹೇಗೂ ಕೆಲಸ ಆಗಿ ಮುನ್ನೂರು ನಾನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಿಗಿ ಮಾಡಿಸಲೇಬೇಕು. ಆದರೂ ಸದ್ದು ಹೋಗಲಿಲ್ಲ.

ಬದಿಯಡ್ಕದಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ, ಎಲ್ಲರೂ ಇಕ್ಕ (ಅಣ್ಣ) ಅಂತಲೇ ಕರೆಯುವುದು. ಅವರು ಗೋಣಿ ಹಾಸಿ ಅಡಿಗೆ ಹೋದರು. ಟಾರ್ಚ್ ಕೂಡ ಕೇಳಲಿಲ್ಲ. ಪ್ಲೇಟಿನ ಮುಂದಿನ ಕಣ್ಣಿನ (ಬೋಲ್ಟ್ ತೂರಲು ತುದಿಯನ್ನು ಸುತ್ತಿ ಮಾಡಿದ ತೂತು) ಹತ್ತಿರ ಬೆರಳು ಓಡಿಸಿ ಹೊರಗೆ ಚಾಚಿದರು. ಬೆರಳ ತುದಿಯಲ್ಲಿ ಕಪ್ಪು ರಬ್ಬರ್ ಪುಡಿ. ಹೊಸ ಬುಷ್, ಒಂದು ತಿಂಗಳೂ ಆಗಿರಲಿಲ್ಲ.

"ಇದನ್ನು ಜಾಕ್ ಮೇಲೆ ಇಟ್ಟೇ ಟೈಟ್ ಮಾಡಿದ್ದಾ ಮೋನೇ?"

"ಹೌದು ಇಕ್ಕ. ಚಕ್ರ ನೇತಾಡ್ತಾ ಇತ್ತು."

"ಹಾಗೆ ಮಾಡ್ಲಿಕ್ಕಿಲ್ಲ. ನೆಲಕ್ಕೆ ಇಳಿಸಿ, ಗಾಡಿಯ ಭಾರ ಬಿದ್ದ ಮೇಲೆ ಟೈಟ್ ಮಾಡ್ಲಿಕ್ಕೆ."

ವಿಷಯ ಇಷ್ಟು. ಪ್ಲೇಟಿನ ಕಣ್ಣಿನಲ್ಲಿ ಇರುವ ರಬ್ಬರ್ ಬುಷ್ ತಿರುಗುವ ವಸ್ತು ಅಲ್ಲ. ಬೋಲ್ಟ್ ಬಿಗಿ ಮಾಡಿದಾಗ ಒಳಗಿನ ಕಬ್ಬಿಣದ ನಳಿಗೆ ಅಲ್ಲೇ ಹಿಡಿದು ನಿಲ್ಲುತ್ತದೆ, ಪ್ಲೇಟ್ ಮೇಲೆ ಕೆಳಗೆ ಆದಾಗ ನಡುವಿನ ರಬ್ಬರ್ ತಿರುಚುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುವಾಗ ಪ್ಲೇಟ್ ಪೂರ್ತಿ ಬಾಗಿರುತ್ತದೆ. ಆಗ ಬಿಗಿ ಮಾಡಿದರೆ ರಬ್ಬರಿಗೆ ಅದೇ ತನ್ನ ಜಾಗ. ಗಾಡಿ ನೆಲಕ್ಕೆ ಇಳಿದ ಕೂಡಲೇ ಅದು ಒದ್ದೆ ಬಟ್ಟೆ ಹಿಂಡಿ ಹಿಡಿದ ಹಾಗೆ ತಿರುಚಿ ನಿಲ್ಲುತ್ತದೆ. ಸುಮ್ನೆ ನಿಂತಾಗಲೂ ತಿರುಚಿರುವ ರಬ್ಬರ್ ಗುಂಡಿಗೆ ಹೇಗೆ ಬಗ್ಗುತ್ತದೆ? ಅದಕ್ಕೇ ಗಡಸು, ಅದಕ್ಕೇ ಸದ್ದು, ಅದಕ್ಕೇ ಹರಿಯುವುದು.

ಇಕ್ಕ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮುಂದಿನ ಕಣ್ಣು ಮತ್ತು ಹಿಂದಿನ ಶ್ಯಾಕಲ್ (ಪ್ಲೇಟಿನ ಹಿಂದಿನ ತುದಿಯನ್ನು ಚಾಸಿಗೆ ಸೇರಿಸುವ, ಆಡುವ ಕೊಂಡಿ) ಬೋಲ್ಟ್‌ಗಳ ನಟ್ ಸಡಿಲ ಮಾಡಿದರು. ಬಲಬದಿಯ ನಟ್ ಬಿಟ್ಟಾಗ ಟಣ್ ಅಂತ ಸದ್ದಾಯಿತು, ಬಾಡಿ ಕಣ್ಣೆದುರೇ ಕೆಳಗೆ ಬಂತು. ಅಳೆದು ನೋಡಿದರೆ ಅರ್ಧ ಇಂಚು. ಹರಿದ ಎರಡು ಬುಷ್ ಬದಲಿಸಿ, ಗಾಡಿಯನ್ನು ನಾಲ್ಕು ಸಲ ಹಿಂದೆ ಮುಂದೆ ಉರುಳಿಸಿ, ನನ್ನನ್ನೂ ಅವರ ಹುಡುಗನನ್ನೂ ಬಾಡಿ ಹತ್ತಿಸಿ ಕುಣಿಸಿ, ಆಮೇಲೆ ನೆಲದ ಮೇಲೆಯೇ ಬಿಗಿ ಮಾಡಿದರು. ಬುಷ್ ಬಿಟ್ಟು ಕೂಲಿ 300 ರೂಪಾಯಿ. ವಾಪಸು ಬರುವಾಗ ಪೆರ್ಲ ಪೇಟೆ ಮುಟ್ಟುವವರೆಗೂ ನನಗೆ ನಂಬಿಕೆ ಬರಲಿಲ್ಲ, ಬೇಕೆಂದೇ ಎಲ್ಲ ಗುಂಡಿಗೂ ಇಳಿಸಿದೆ.

ಒಂದು ಅನುಮಾನ ಮಾತ್ರ ಉಳಿದಿತ್ತು. ಮೊದಲ ವರ್ಕ್‌ಶಾಪ್‌ನವರೂ ಬಹುಶಃ ಹೀಗೆಯೇ ಬಿಗಿ ಮಾಡಿರಬಹುದು. ಹಾಗಾದರೆ ಗ್ಯಾಸ್ ಶಾಕಿಗೆ ನಾನು ಅನ್ಯಾಯ ಮಾಡಿದೆನಾ? ಅದನ್ನು ಮತ್ತೆ ಹಾಕಿ ಒಂದು ವಾರ ಓಡಿಸಿದೆ. ಮೊದಲಿನಷ್ಟು ಕೆಟ್ಟದಲ್ಲ, ಟಕ್ ಸದ್ದೂ ಇಲ್ಲ. ಆದರೆ ಖಾಲಿಯಲ್ಲಿ ಕಂಪನಿಯ ಸಾದಾ ಶಾಕೇ ಮೆತ್ತಗೆ. ಹಳೆಯದನ್ನೇ ಹಾಕಿದೆ.

ದಿನಾ ಮುಕ್ಕಾಲು ಲೋಡ್ ಹೊಡೆಯುವವರಾದರೆ ಹೆಚ್ಚಿನ ಪ್ಲೇಟನ್ನು ತೆಗೆಸಬೇಡಿ, ಬೋಲ್ಟ್ ಮಾತ್ರ ನೆಲದ ಮೇಲೆ ಬಿಗಿ ಮಾಡಿಸಿ, ಉದ್ದ ಸರಿ ಇರುವ ಗ್ಯಾಸ್ ಶಾಕ್ ಹಾಕಿ. ಕೈಯಲ್ಲಿ ದುಡ್ಡೂ ವಾರವಾರ ನೋಡುವ ತಾಳ್ಮೆಯೂ ಇದ್ದರೆ ಭಾವನ ಗಾಳಿ ಚೀಲ. ನನ್ನ ಹಾಗೆ ವಾರದಲ್ಲಿ ಐದು ದಿನ ಖಾಲಿ ಓಡಿಸಿ, ಒಂದು ದಿನ ಅಡಕೆ ಹೇರುವವರಿಗೆ ಕೆಳಗಿನ ಆ ಒಂದು ನೇರ ಪ್ಲೇಟ್ ಸಾಕು. ಕಳೆದ ವಾರ ಗೋಣಿ ಹೇರಿ ಅದೇ ಏರು ಇಳಿದೆ, ಸ್ಟಾಪರ್ ಒಂದು ಸಲವೂ ಬಡಿಯಲಿಲ್ಲ. ಅಮ್ಮ ಮೊನ್ನೆ ಬದಿಯಡ್ಕಕ್ಕೆ ನನ್ನ ಜೊತೆಗೇ ಬಂದರು.

ಗ್ಯಾಸ್ ಶಾಕ್ ಎರಡೂ ಅಟ್ಟದಲ್ಲಿ ಪೆಟ್ಟಿಗೆ ಸಮೇತ ಇವೆ. ಲೋಡ್ ಓಡಿಸುವ ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ.